600 ಸುತ್ತಿನ ಕಾಯಿಲ್, ಆದರೆ ಇಂಡಕ್ಟೆನ್ಸ್ ಬರೀ 7 ನ್ಯಾನೋಹೆನ್ರಿ ಯಾಕೆ?

ನೀವು ಹೇಳಿದ್ದು ಇಷ್ಟು: 20 ಮಿಮೀ ವ್ಯಾಸದ ಬಾಬಿನ್ ಮೇಲೆ 50 ಮಿಮೀ ಉದ್ದಕ್ಕೆ 25 ಗೇಜ್ ತಂತಿಯಲ್ಲಿ 600 ಸುತ್ತು. ಎಫ್‌ಇಎಂಎಂ ಅನ್ನೋ ಕಾಂತಕ್ಷೇತ್ರ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಒಂದು ಆಯತ ಬಿಡಿಸಿ, ತಾಮ್ರ ಅಂತ ಕೊಟ್ಟು, 2 ಆಂಪಿಯರ್, 1 ಕಿಲೋಹರ್ಟ್ಸ್ ಹಾಕಿದ್ದೀರಿ. ಇಂಡಕ್ಟೆನ್ಸ್ (ಕರೆಂಟ್ ಬದಲಾಗೋದನ್ನು ಕಾಯಿಲ್ ಎಷ್ಟು ತಡೆಯುತ್ತದೆ ಅನ್ನೋ ಅಳತೆ) ಏಳು ನ್ಯಾನೋಹೆನ್ರಿ ಬಂತು. ಕರೆಂಟೆಲ್ಲ ಒಳಬದಿಗೆ ಅಂಟಿಕೊಂಡ ಹಾಗೆ ಕಾಣ್ತಿದೆ. ನಡುವಿನ ಫೀಲ್ಡ್ 40 ಚಿಲ್ಲರೆ ಮೈಕ್ರೋಟೆಸ್ಲಾ, ಅಂದರೆ ಬೆಂಗಳೂರಲ್ಲಿ ಸುಮ್ನೆ ನಿಂತರೂ ಸಿಗುವ ಭೂಮಿಯ ಫೀಲ್ಡಿನಷ್ಟೇ!

ಸಾಫ್ಟ್‌ವೇರ್ ಕೆಟ್ಟಿಲ್ಲ. ಅದಕ್ಕೆ 600 ಸುತ್ತು ಇದೆ ಅಂತ ಗೊತ್ತೇ ಇಲ್ಲ. ಬರೀ ತಾಮ್ರ ಅಂದರೆ ಅದು 4 ಮಿಮೀ ದಪ್ಪದ ಒಂದೇ ಗಟ್ಟಿ ಉಂಗುರ ಅಂದುಕೊಳ್ಳುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಎಸಿ ಕರೆಂಟ್ ಮೇಲ್ಮೈಯಿಂದ ಒಳಕ್ಕೆ ಇಳಿಯುವ ಆಳ) ಸುಮಾರು 2.1 ಮಿಮೀ, ಹಾಗಾಗಿ ಉಂಗುರದ ಕರೆಂಟ್ ಒಳಬದಿಗೆ ಸರಿಯುತ್ತದೆ. ನಿಮ್ಮ ನಿಜವಾದ ತಂತಿ ಅರ್ಧ ಮಿಮೀ ಮಾತ್ರ. ಪ್ರತಿ ಸುತ್ತಿಗೂ ಎನಾಮೆಲ್ ಇದೆ, ಎಲ್ಲಾ ಸುತ್ತಿನಲ್ಲೂ ಅದೇ 2 ಆಂಪಿಯರ್ ಹರಿಯಲೇಬೇಕು. ಒಂದು ಸುತ್ತಿನ ಕರೆಂಟ್ ಪಕ್ಕದ್ದಕ್ಕೆ ಜಿಗಿಯೋಕೆ ದಾರಿಯೇ ಇಲ್ಲ.

ಸರಿಮಾಡೋದು ಸುಲಭ. ಪ್ರಾಪರ್ಟೀಸ್‌ನಲ್ಲಿ ಒಂದು ಸರ್ಕ್ಯೂಟ್ ಮಾಡಿ, ಸೀರೀಸ್ ಅಂತ ಆರಿಸಿ, ಕರೆಂಟ್ 2 ಕೊಡಿ. ಆಮೇಲೆ ಆಯತದೊಳಗಿನ ಬ್ಲಾಕ್ ಲೇಬಲ್ ತೆರೆದು ಆ ಸರ್ಕ್ಯೂಟ್‌ಗೆ ಸೇರಿಸಿ, ಟರ್ನ್ಸ್ ಜಾಗದಲ್ಲಿ 600 ಹಾಕಿ. ಮೆಟೀರಿಯಲ್ ಬರೀ ತಾಮ್ರ ಬೇಡ, ಮ್ಯಾಗ್ನೆಟ್ ವೈರ್ ಅಂತ ಕೊಟ್ಟು ತಂತಿಯ ವ್ಯಾಸ ಹೇಳಿ. ಇಲ್ಲೊಂದು ಹಳ್ಳ ಇದೆ. ನಮ್ಮ ಕಡೆ ಮೋಟಾರ್ ವೈಂಡಿಂಗ್ ಅಂಗಡಿಯವರು 25 ಗೇಜ್ ಅಂದರೆ ಎಸ್‌ಡಬ್ಲ್ಯುಜಿ (ಬ್ರಿಟಿಷ್ ಗೇಜ್), 0.508 ಮಿಮೀ. ಲೈಬ್ರರಿಯಲ್ಲಿ ಕಣ್ಣಿಗೆ ಬಿದ್ದ ಎಡಬ್ಲ್ಯುಜಿ (ಅಮೆರಿಕನ್ ಗೇಜ್) 25 ಆರಿಸಿದರೆ ಅದು 0.455 ಮಿಮೀ. ರೆಸಿಸ್ಟೆನ್ಸ್ ಕಾಲು ಭಾಗ ಜಾಸ್ತಿ ತೋರಿಸುತ್ತದೆ, ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀರಿ.

ಈಗ ರನ್ ಮಾಡಿದರೆ 2.9 ಮಿಲಿಹೆನ್ರಿ ಹತ್ತಿರ ಬರಬೇಕು. ಕಾಯಿಲ್ ಇಂಡಕ್ಟೆನ್ಸ್ ಅಂದಾಜಿಸುವ ವೀಲರ್ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿದೆ, ಅಷ್ಟೇ ಬಂತು. ಇಂಡಕ್ಟೆನ್ಸ್ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಲ್ವಾ? ನಿಮ್ಮ ಏಳು ನ್ಯಾನೋಹೆನ್ರಿಯನ್ನು 3,60,000ದಿಂದ ಗುಣಿಸಿದರೆ 2.5 ಮಿಲಿಹೆನ್ರಿ. ಉಳಿದ ಕೊರತೆ ಕರೆಂಟ್ ಒಳಗೆ ಸರಿದು ಸುತ್ತು ಚಿಕ್ಕದಾದದ್ದರಿಂದ. ನಡುವಿನ ಫೀಲ್ಡ್ 27 ಮಿಲಿಟೆಸ್ಲಾ ಬರಬೇಕು. ಉದ್ದ ಸೊಲೆನಾಯ್ಡ್ (ನೀಳ ಕಾಯಿಲ್) ಸೂತ್ರ 30 ಕೊಡುತ್ತದೆ, ಕಾಯಿಲ್ ಗಿಡ್ಡ ಇರೋದರಿಂದ ಹತ್ತನೇ ಒಂದು ಪಾಲು ಕಮ್ಮಿ. ಈ ಎರಡು ಅಂಕಿ ಸರಿಬರುವ ತನಕ ಕಬ್ಬಿಣದ ಕೋರ್ ಕಡೆ ಹೋಗಲೇಬೇಡಿ.

ಜಾಸ್ತಿ ಜನ ಮರೆಯೋದು ಇದನ್ನು. ಕರೆಂಟ್ ಇಷ್ಟು ಅಂತ ನೀವೇ ಹೇಳಿದ ಮೇಲೆ, ಅದನ್ನು ತಳ್ಳೋಕೆ ಎಷ್ಟು ವೋಲ್ಟ್ ಬೇಕು ಅಂತ ಸಾಫ್ಟ್‌ವೇರ್ ಕೇಳಲ್ಲ. 2 ಆಂಪಿಯರ್ ಅಂದರೆ 2 ಆಂಪಿಯರ್. ಕಾಯಿಲ್ ಸುಟ್ಟರೂ ಅದಕ್ಕೆ ಚಿಂತೆಯಿಲ್ಲ. ನಿಮ್ಮ ತಂತಿ ಸುಮಾರು 45 ಮೀಟರ್, ರೆಸಿಸ್ಟೆನ್ಸ್ 4 ಓಮ್‌ಗೆ ಚೂರು ಕಮ್ಮಿ. ಆದರೆ 1 ಕಿಲೋಹರ್ಟ್ಸ್‌ನಲ್ಲಿ ರಿಯಾಕ್ಟೆನ್ಸ್ (ಇಂಡಕ್ಟೆನ್ಸ್‌ನಿಂದ ಎಸಿಗೆ ಬರುವ ತಡೆ) 18 ಓಮ್. ಪೀಕ್ (ಅಲೆಯ ತುತ್ತತುದಿಯ ಬೆಲೆ) 2 ಆಂಪಿಯರ್ ಬೇಕಂದರೆ ಪೀಕ್ 37 ವೋಲ್ಟ್ ಕೊಡಬೇಕು. 12 ವೋಲ್ಟ್ ಸಪ್ಲೈ ಇಟ್ಟುಕೊಂಡು ಆ ಕರೆಂಟ್ ಬರಲ್ಲ. ರಿಸಲ್ಟ್‌ನಲ್ಲಿ ಸರ್ಕ್ಯೂಟ್ ಪ್ರಾಪರ್ಟೀಸ್ ತೆರೆದರೆ ವೋಲ್ಟೇಜ್ ಡ್ರಾಪ್ ಅಲ್ಲೇ ಇರುತ್ತದೆ, ಮೊದಲು ಅದನ್ನು ನೋಡಿ. ಪೀಕ್ ಅಂತ ಒತ್ತಿ ಹೇಳಿದ್ದಕ್ಕೂ ಕಾರಣ ಇದೆ. ಎಸಿಯಲ್ಲಿ ಎಫ್‌ಇಎಂಎಂ ಕೇಳೋದು ಪೀಕ್ ಬೆಲೆ. ಮೀಟರ್ ತೋರಿಸೋದು ಆರ್‌ಎಂಎಸ್, ಅಂದರೆ ಪೀಕ್‌ಗಿಂತ ಕಮ್ಮಿ ಇರುವ ಒಂದು ಬಗೆಯ ಸರಾಸರಿ. ಮೀಟರ್‌ನಲ್ಲಿ 2 ಇದ್ದರೆ ಇಲ್ಲಿ 2.83 ಕೊಡಿ. ಇಲ್ಲದಿದ್ದರೆ ಪವರ್ ಅರ್ಧಕ್ಕೆ ಇಳಿಯುತ್ತದೆ.

ಇದನ್ನು 12 ವೋಲ್ಟ್ ಡಿಸಿಯಲ್ಲಿ ಪ್ಲಂಜರ್ (ಕಾಯಿಲ್ ಒಳಗೆ ಜಾರುವ ಕಬ್ಬಿಣದ ಸರಳು) ಎಳೆಯೋಕೆ ಬಳಸುವ ಯೋಚನೆ ಇದ್ದರೆ ತಣ್ಣಗಿರುವಾಗ 3 ಆಂಪಿಯರ್ ಹರಿಯುತ್ತದೆ. ಅದು 36 ವ್ಯಾಟ್‌ಗೂ ಮೇಲೆ, ಇಷ್ಟು ಚಿಕ್ಕ ಕಾಯಿಲ್‌ಗೆ ಭಾರೀ ಜಾಸ್ತಿ. ತಾಮ್ರ ಮೊದಲಿಗಿಂತ 60 ಡಿಗ್ರಿ ಹೆಚ್ಚು ಬಿಸಿಯಾದರೆ ರೆಸಿಸ್ಟೆನ್ಸ್ ಶೇ 23ರಷ್ಟು ಏರುತ್ತದೆ, ಎಳೆತ ಮೂರನೇ ಒಂದು ಪಾಲು ಬಿದ್ದುಹೋಗುತ್ತದೆ. ಸಿಮ್ಯುಲೇಶನ್‌ನಲ್ಲಿ ಬಿಸಿ ಕಾಯಿಲ್‌ನ ಕರೆಂಟನ್ನೇ ಕೊಡಿ.

600 ವೃತ್ತ ಒಂದೊಂದಾಗಿ ಬಿಡಿಸಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಬೇಡವೇ ಬೇಡ, ಮೆಶ್ (ಲೆಕ್ಕಕ್ಕಾಗಿ ಚಿತ್ರವನ್ನು ಒಡೆದ ಸಣ್ಣ ತ್ರಿಕೋನಗಳ ಬಲೆ) ಉಬ್ಬಿ ಕಂಪ್ಯೂಟರ್ ಕುಂಟುತ್ತದೆ, ಉತ್ತರ ಮಾತ್ರ ಅದೇ. ಇಂಡಕ್ಷನ್ ಹೀಟರ್‌ನ ಏಳೆಂಟು ಸುತ್ತಿನ ತಾಮ್ರದ ಕೊಳವೆಯಾದರೆ ಮಾತ್ರ ಪ್ರತಿ ಸುತ್ತನ್ನೂ ಗಟ್ಟಿ ತಾಮ್ರವಾಗಿ ಬಿಡಿಸಿ, ಟರ್ನ್ಸ್ 1 ಕೊಡಿ. ಅಲ್ಲಿ ಕರೆಂಟ್ ನಿಜವಾಗಿಯೂ ಮೇಲ್ಮೈಗೆ ಸರಿಯುತ್ತದೆ. ಎಲ್ಲವನ್ನೂ ಒಂದೇ ಸೀರೀಸ್ ಸರ್ಕ್ಯೂಟ್‌ಗೆ ಸೇರಿಸಿ. ತಪ್ಪಿ ಪ್ಯಾರಲಲ್ ಆರಿಸಿದರೆ ಕರೆಂಟ್ ಸುತ್ತುಗಳ ನಡುವೆ ಹಂಚಿಹೋಗುತ್ತದೆ.

ಕಾಮ್ಸಾಲ್, ಮ್ಯಾಕ್ಸ್‌ವೆಲ್ ಅನ್ನೋ ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಕಥೆ, ಹೆಸರು ಬೇರೆ. ಗಟ್ಟಿ ತಾಮ್ರ ಮತ್ತು ಸುತ್ತಿದ ತಂತಿಗೆ ಮ್ಯಾಕ್ಸ್‌ವೆಲ್‌ನಲ್ಲಿ ಕ್ರಮವಾಗಿ ಸಾಲಿಡ್ ಮತ್ತು ಸ್ಟ್ರ್ಯಾಂಡೆಡ್, ಕಾಮ್ಸಾಲ್‌ನಲ್ಲಿ ಸಿಂಗಲ್ ಕಂಡಕ್ಟರ್ ಮತ್ತು ಹೋಮೋಜನೈಸ್ಡ್ ಮಲ್ಟಿಟರ್ನ್. 3ಡಿಯಲ್ಲಾದರೆ ಕರೆಂಟ್ ಯಾವ ದಿಕ್ಕಿಗೆ ಸುತ್ತುತ್ತದೆ ಅಂತಲೂ ಹೇಳಬೇಕು. ಕಾಮ್ಸಾಲ್‌ನಲ್ಲಿ ಅದಕ್ಕೆಂದೇ ಕಾಯಿಲ್ ಜಿಯೋಮೆಟ್ರಿ ಅನಾಲಿಸಿಸ್ ಅನ್ನೋ ಹಂತ ಇದೆ.

ಕೊನೆಗೆ ಎಫ್‌ಇಎಂಎಂ ಚಿತ್ರದ ಗಡಿ. ನಿಮ್ಮ ಚಿತ್ರದಲ್ಲಿ ಗಾಳಿಯ ಚೌಕ ಕಾಯಿಲ್‌ಗೆ ಅಂಟಿಕೊಂಡ ಹಾಗಿದೆ. ಓಪನ್ ಬೌಂಡರಿ ಬಟನ್ ಒತ್ತಿ, ಕಾಯಿಲ್ ಉದ್ದದ ಮೂರು ನಾಲ್ಕು ಪಟ್ಟು ತ್ರಿಜ್ಯ ಕೊಡಿ. ಆಕ್ಸಿಸಿಮೆಟ್ರಿಕ್‌ನಲ್ಲಿ (ಅರ್ಧ ಚಿತ್ರವನ್ನು ಅಕ್ಷದ ಸುತ್ತ ತಿರುಗಿಸಿದ ಹಾಗೆ ಲೆಕ್ಕ ಹಾಕುವ ಬಗೆ) ಅಕ್ಷದ ಬಲಗಡೆ ಮಾತ್ರ ಬಿಡಿಸಬೇಕು, ಎಡಗಡೆಯ ಆಯತ ಅಳಿಸಿಬಿಡಿ. ಇಷ್ಟು ಮಾಡಿ ಫೈಲ್ ಮತ್ತೆ ಹಾಕಿ. ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಇದ್ದರೆ ಅದರ ರೀಡಿಂಗೂ ಜೊತೆಗಿರಲಿ.