ಬಿದ್ದ ಪುಳ್ಳೆ ಆರಿಸೋದು ಕಳ್ಳತನ ಅಲ್ಲ ತಂಗಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನ ಎತ್ತಿಟ್ಕೊಂಡು ಮೂರು ದಿನ ಆಯ್ತು. ಬರೆದೋರು ತೀರ್ಥಹಳ್ಳಿ ಕಡೆಯ ಹುಡುಗಿ, ಈಗ ಬೆಂಗಳೂರಲ್ಲಿ ಕೆಲಸ, ಹೆಸರು ಹಾಕ್ಬೇಡಿ ಅಂತ ಕೇಳ್ಕೊಂಡಿದ್ದಾರೆ. ಅವ್ರ ಮಾತನ್ನ ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದೀನಿ:

"ಸರ್, ಹೋದ ಸಂಚಿಕೇಲಿ ಮಲೆನಾಡಿನ ಸೌದೆ ಕೊಟ್ಟಿಗೆ ಬಗ್ಗೆ, ಹಂದಿ ಶಿಕಾರಿ ಬಗ್ಗೆ ಅಷ್ಟೊಂದು ಪ್ರೀತಿಯಿಂದ ಬರ್ದಿದ್ರಿ. ನಂಗೆ ಬೇಜಾರಾಯ್ತು. ನಮ್ಮಜ್ಜಿಗೆ 74 ವರ್ಷ, ಮನೇಲಿ ಗ್ಯಾಸ್ ಇದೆ, ಆದ್ರೂ ದಿನಾ ಕಾಡಿಗೆ ಹೋಗಿ ಸೌದೆ ಹೊರ್ತಾರೆ. ಹೋದ ತಿಂಗಳು ಗಾರ್ಡ್ ಒಬ್ರು ಹಿಡ್ಕೊಂಡು ಕತ್ತಿ ಕಿತ್ಕೊಂಡು ಕಳ್ಳಿ ಅಂತ ಬೈದ್ರಂತೆ. ಅಜ್ಜಿ ಎರಡು ದಿನ ಊಟ ಮಾಡ್ಲಿಲ್ಲ. ಆದ್ರೆ ಸರ್, ಫ್ರೀಯಾಗಿ ಸಿಗುತ್ತೆ ಅಂತ ಎಲ್ರೂ ಕಾಡಿಂದ ತರೋಕೆ ಶುರು ಮಾಡಿದ್ರೆ ಕಾಡು ಉಳಿಯತ್ತಾ? ಪ್ರಾಣಿ ಕೊಲ್ಲೋದನ್ನ ಹಳ್ಳಿ ಬದುಕು ಅಂತ ಹೊಗಳೋದು ಸರಿಯಾ? ಅಜ್ಜಿಗೆ ನಾನು ಏನ್ ಹೇಳ್ಲಿ?"

ತಂಗಿ, ಹಾಗೆ ಕರೀತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರ ಒಳ್ಳೆ ಮನಸ್ಸಿಂದ ಬಂದಿದ್ದು, ಅದು ನಂಗೆ ಗೊತ್ತು. ಕಾಡು ಉಳೀಬೇಕು ಅನ್ನೋದ್ರಲ್ಲಿ ನಂಗೂ ನಿಮ್ಗೂ ವ್ಯತ್ಯಾಸ ಇಲ್ಲ. ಒಲೆ ಹೊಗೆ ಹೆಣ್ಮಕ್ಕಳ ಕಣ್ಣು, ಎದೆ ಹಾಳು ಮಾಡತ್ತೆ ಅನ್ನೋದೂ ನಿಜ, ನಮ್ಮಮ್ಮ ಕೊನೆಗಾಲದಲ್ಲಿ ಕೆಮ್ಮಿದ್ದನ್ನ ಪಕ್ಕದಲ್ಲೇ ಮಲ್ಕೊಂಡು ಕೇಳಿದೋನು ನಾನು, ಗ್ಯಾಸ್ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ನಿಮ್ಮ ಪತ್ರದಲ್ಲಿ "ಫ್ರೀಯಾಗಿ ಸಿಗುತ್ತೆ ಅಂತ" ಅನ್ನೋ ಮಾತಿದೆಯಲ್ಲ, ಅದು ಮಾತ್ರ ನಂಗೆ ತುಂಬಾ ಚುಚ್ತು.

ಫ್ರೀ ಅಂದ್ರೆ ಏನು ಹೇಳಿ. ನಮ್ಮಮ್ಮ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಗಂಜಿ ಕುಡಿದು, ಸಿಂಬೆ ಸೊಂಟಕ್ಕೆ ಸಿಗಿಸ್ಕೊಂಡು ಹೊರಟ್ರೆ ಬರೋದು ಮಧ್ಯಾಹ್ನ ಎರಡು ಗಂಟೆಗೆ, ತಲೆ ಮೇಲೆ ಅವ್ಳಿಗಿಂತ ಉದ್ದದ ಹೊರೆ, ಕಾಲಲ್ಲಿ ಉಂಬಳ ಕಚ್ಚಿದ ರಕ್ತ, ಅದನ್ನ ಕಟ್ಟೋಕೆ ಹಗ್ಗಾನೂ ಒಯ್ತಿರ್ಲಿಲ್ಲ, ಅಲ್ಲೇ ಸಿಕ್ಕ ಬಳ್ಳಿ. ಫೆಬ್ರವರಿಯಿಂದ ಮೇ ತನಕ ಅದೇ ಕೆಲ್ಸ, ಯಾಕಂದ್ರೆ ಮೃಗಶಿರ ಮಳೆ ಹಿಡಿಯೋದ್ರೊಳಗೆ ಸೌದೆ ಕೊಟ್ಟಿಗೆ ಮಾಡು ಮುಟ್ಟೋ ತನಕ ತುಂಬಿರ್ಬೇಕು, ಇಲ್ಲಾಂದ್ರೆ ಮಳೆಗಾಲ ನಾಲ್ಕು ತಿಂಗಳು ಹಸಿ ಸೌದೆ ಊದಿ ಊದಿ ಸಾಯ್ಬೇಕು. ಆ ನಾಲ್ಕು ತಿಂಗಳ ದುಡಿಮೆಗೆ ಯಾರೂ ಸಂಬಳ ಕೊಡ್ಲಿಲ್ಲ, ಅದಕ್ಕೇ ಅದು ಲೆಕ್ಕದ ಪುಸ್ತಕದಲ್ಲಿ ಫ್ರೀ ಅಂತ ಬರತ್ತೆ.

ಇದನ್ನ ಲೆಕ್ಕ ಹಾಕಿ ನೋಡಿದೋರೂ ನಮ್ಮಲ್ಲಿದ್ರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಅಂತ ಒಂದು ಗುಂಪು ಕಟ್ಟಿದ್ರು. ಅವ್ರು ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಪುಟ್ಟ ಹಳ್ಳೀಲಿ ಕೂತು, ಊರಿಗೆ ಬರೋ ಒಂದೊಂದು ಶಕ್ತೀನೂ ಎಲ್ಲಿಂದ ಬರತ್ತೆ, ಯಾರು ತರ್ತಾರೆ ಅಂತ ಅಳೆದು ಬರ್ಕೊಂಡ್ರು. ಊರು ನಡೀತಿದ್ದಿದ್ದೇ ಸೌದೆ ಮೇಲೆ, ಅದರಲ್ಲಿ ದುಡ್ಡು ಕೊಟ್ಟು ತಂದಿದ್ದು ತೀರಾ ಕಮ್ಮಿ, ಹೆಚ್ಚಿನದು ಹೆಣ್ಮಕ್ಕಳು ಮಕ್ಕಳು ನಡ್ಕೊಂಡು ಹೋಗಿ ಆರಿಸಿ ತಂದಿದ್ದು. ಅದೂ ದಿಮ್ಮಿ ಕಡಿದಿದ್ದಲ್ಲ, ಒಣ ರೆಂಬೆ, ಪುಳ್ಳೆ. ಆಮೇಲೆ ಇದೇ ಗುಂಪು ಕಮ್ಮಿ ಸೌದೇಲಿ ಹೊಗೆ ಇಲ್ದೆ ಉರಿಯೋ ಅಸ್ತ್ರ ಒಲೆ ಮಾಡಿ ಕೊಡ್ತು. ಒಲೆ ಮುಂದೆ ಕೂತೋಳ ಕಷ್ಟ ನೋಡಿ ಒಲೆ ಸರಿ ಮಾಡಿದ್ರು, ಅವಳನ್ನ ಕಳ್ಳಿ ಅನ್ಲಿಲ್ಲ.

ಒಲೆಗೆ ಒಣಗಿದ್ದೇ ಬೇಕು ಅನ್ನೋದು ಯಾವ ಹೆಂಗಸಿಗೂ ಹೇಳ್ಕೊಡ್ಬೇಕಾಗಿಲ್ಲ. ಹಸಿ ಮರ ಹೊಗೆ ಹಾಕತ್ತೆ, ಭಾರ ಬೇರೆ, ಎರಡು ಮೈಲಿ ಹಸಿ ಮರ ಹೊರೋಕೆ ಯಾರಿಗೆ ಹುಚ್ಚು? ನಿಮ್ಮಜ್ಜಿನ ಕೇಳಿ ನೋಡಿ, ಮತ್ತಿ ಕೆಂಡ ನಿಲ್ಲತ್ತೆ, ಬೂರುಗ ಸುಮ್ನೆ ಬುಸ್ ಅಂತ ಹೋಗತ್ತೆ, ಹೊಲಗೇರು ಮುಟ್ಟಿದ್ರೆ ಮೈಯೆಲ್ಲ ಬೊಬ್ಬೆ, ಅತ್ತಿ ಒಲೆಗೆ ಹಾಕಬಾರ್ದು, ಇಷ್ಟು ಅವ್ರು ಉಸಿರಾಡಿದ ಹಾಗೆ ಹೇಳ್ತಾರೆ. ಕಾಡಲ್ಲಿ ಯಾವ ಮರ ಹೋದ ಗಾಳೀಲಿ ಬಿತ್ತು, ಯಾವ ಹಳ್ಳದ ನೀರು ಈ ಸಲ ಬೇಗ ಆರ್ತು, ಎಲ್ಲಿ ಹೊಸಬರ ಜೀಪಿನ ಗುರುತು ಬಿದ್ದಿದೆ, ದಿನಾ ಹೋಗೋರಿಗೆ ಮಾತ್ರ ಗೊತ್ತಾಗೋ ವಿಷಯ ಇವು. ಸೌದೆಗೆ ಹೋಗೋ ಹೆಂಗಸ್ರನ್ನ ಕಾಡಿಂದ ಹೊರಗೆ ಹಾಕಿದ ಊರುಗಳಲ್ಲಿ ನಾಟಾ ಕಳ್ಳರಿಗೆ ಎಷ್ಟು ಸಲೀಸಾಯ್ತು ಅಂತ ನಾನು ಕಣ್ಣಾರೆ ನೋಡಿದೀನಿ, ನೋಡೋಕೆ ಅಲ್ಲಿ ಒಂದು ಜೊತೆ ಕಣ್ಣೂ ಉಳಿದಿರ್ಲಿಲ್ಲ.

ಹಾಗಾದ್ರೆ ಕಾಡು ಯಾರು ತಿಂದ್ರು? ದಾಂಡೇಲಿ ಕಾಗದ ಕಾರ್ಖಾನೆಗೆ 1958ರಲ್ಲಿ ಬಿದಿರು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಅದೇ ಕಾಲದಲ್ಲಿ ಬುಟ್ಟಿ ಹೆಣೆಯೋ ಮೇದಾರರು ಒಂದೊಂದು ಗಳಕ್ಕೆ ಎಷ್ಟೋ ಪಟ್ಟು ಜಾಸ್ತಿ ಕೊಟ್ಟು ತರ್ಬೇಕಿತ್ತು. ಬಿದಿರು ಖಾಲಿ ಆಗ್ತಾ ಬಂದಾಗ ಎಲ್ರೂ ಬೆರಳು ತೋರ್ಸಿದ್ದು ಹಳ್ಳಿಯವ್ರ ಕಡೆ, ದನ ಮೇಯಿಸಿ ಹಾಳು ಮಾಡಿದ್ರು ಅಂತ. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಹೋಗಿ ಒಂದೊಂದು ಬಿದಿರು ಹಿಂಡಲನ್ನೂ ನೋಡಿ ಬಂದು ಹೇಳಿದ್ದು ಬೇರೆ. ಬಿದಿರು ಹಿಂಡಲಿನ ಬುಡದಲ್ಲಿ ಮುಳ್ಳಿನ ಕವಚ ಇರತ್ತೆ, ಕಳಲೆ, ಅಂದ್ರೆ ಬಿದಿರಿನ ಎಳೆ ಮೊಳಕೆ, ಏಳೋದು ಅದರ ಮರೇಲಿ, ಕಾರ್ಖಾನೆಯೋರು ಕಡಿಯೋಕೆ ಸುಲಭ ಆಗ್ಲಿ ಅಂತ ಆ ಮುಳ್ಳನ್ನ ಸವರಿ ತೆಗೆಸಿದ್ರು, ಕಳಲೆ ಬಯಲಿಗೆ ಬಿತ್ತು, ಸಿಕ್ಕ ಸಿಕ್ಕ ಪ್ರಾಣಿ ತಿಂದ್ವು. ದೂರು ಮಾತ್ರ ದನ ಕಾಯೋ ಹುಡುಗನ ಮೇಲೆ.

ಇನ್ನೊಂದು ನಮ್ಮ ಹಾವೇರಿ ಕಡೆಯದು. ಎಂಬತ್ತರ ದಶಕದಲ್ಲಿ ಸರ್ಕಾರ ಮತ್ತೆ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಕಂಪನಿ ಮಾಡಿ ಸುಮಾರು 30,000 ಹೆಕ್ಟೇರ್ ಸಿ ಅಂಡ್ ಡಿ ಅನ್ನೋ ವರ್ಗದ ಸರ್ಕಾರಿ ಭೂಮಿ ನೀಲಗಿರಿ ಬೆಳೆಯೋಕೆ ಕೊಡ್ತು. ಕಾಗದದ ಮೇಲೆ ಪಾಳು ಭೂಮಿ. ಊರೋರಿಗೆ ಅದು ಹುಲ್ಲು, ಸೊಪ್ಪು, ಸೌದೆ ಎಲ್ಲಾ. ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆಯವರ ಜೊತೆ ಸೇರಿ 1987ರ ನವೆಂಬರ್ 14ಕ್ಕೆ ಹಾನಗಲ್ ತಾಲ್ಲೂಕಿನ ಕುಸನೂರಲ್ಲಿ ಜನ ನೀಲಗಿರಿ ಸಸಿ ಕಿತ್ತು ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ರು, ಕಿತ್ತಿಕೊ ಹಚ್ಚಿಕೊ ಅಂತಾನೇ ಅದರ ಹೆಸರು. ಸುಪ್ರೀಂ ಕೋರ್ಟ್ ತನಕ ಹೋದ್ರು. ಕೊನೆಗೆ ಕಂಪನಿ ಮುಚ್ಚಬೇಕಾಯ್ತು. ಒಂದು ಹೊರೆ ಸೌದೆಗೋಸ್ಕರ ಅಷ್ಟು ದೊಡ್ಡ ಹೋರಾಟ ಮಾಡಿದ ಜನ ನಮ್ಮೋರು, ಇದನ್ನ ಯಾಕೆ ನಮ್ಮ ಶಾಲೆ ಪುಸ್ತಕದಲ್ಲಿ ಹಾಕಲ್ಲ?

ಈಗಿನ ಮಾತಿಗೆ ಬನ್ನಿ. ಹುಣಸೂರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡೋ ಬ್ಯಾರನ್ನುಗಳಿಗೆ ಲೋಡುಗಟ್ಟಲೆ ಸೌದೆ ಬೇಕು. ನಮ್ಮ ಮಲೆನಾಡಲ್ಲೇ ಕೆಂಪಡಿಕೆ ಬೇಯ್ಸೋಕೆ ದೊಡ್ಡ ತೋಟದೋರ ಅಂಗಳಕ್ಕೆ ಬರೋ ಸೌದೆ ನೋಡಿದೀರಲ್ಲ. ಹೋಂಸ್ಟೇಗಳಲ್ಲಿ ವೀಕೆಂಡ್ ಬಂದೋರಿಗೆ ಕ್ಯಾಂಪ್‌ಫೈರ್ ಅಂತ ಒಂದು ರಾತ್ರಿ ಸುಡೋ ಸೌದೇಲಿ ನಿಮ್ಮಜ್ಜಿ ವಾರ ಪೂರ್ತಿ ನೀರು ಕಾಯಿಸ್ತಾರೆ. ಇಷ್ಟರಲ್ಲಿ ಯಾರ ಕೈಯಿಂದ ಕತ್ತಿ ಕಿತ್ಕೊಂಡ್ರು ಅಂತ ನೀವೇ ಬರ್ದಿದೀರಿ. 74 ವರ್ಷದ ಹೆಂಗಸಿನ ಕೈಯಿಂದ.

ಗ್ಯಾಸ್ ಇದೆಯಲ್ಲ ಅಂತೀರಿ. 2016ರಲ್ಲಿ ಉಜ್ವಲ ಬಂತು, ಒಳ್ಳೇದೇ ಆಯ್ತು, ಬೆಳಿಗ್ಗೆ ಟೀ ಬೇಗ ಆಗತ್ತೆ. ಆದ್ರೆ ಆರಿದ್ರ ಮಳೇಲಿ ಮನೆ ಮಂದಿಗೆಲ್ಲ ಹಂಡೆ ನೀರು ಕಾಯಿಸಿ, ದನಕ್ಕೆ ಕಲಗಚ್ಚು ಬೇಯಿಸಿ, ಒದ್ದೆ ಕಂಬಳಿ ಒಣಗಿಸೋಕೆ 14.2 ಕೆಜಿ ಸಿಲಿಂಡರ್ ಎಷ್ಟು ದಿನ ಬರತ್ತೆ ಹೇಳಿ. ಬಚ್ಚಲ ಒಲೆ ಇಲ್ದೆ ಮಲೆನಾಡಿನ ಮಳೆಗಾಲ ಕಳೀಬಹುದು ಅಂತ ಹೇಳೋರು ಒಂದು ಜುಲೈ ಆಗುಂಬೇಲಿದ್ದು ನೋಡ್ಲಿ.

ಹಕ್ಕಿನ ವಿಚಾರಾನೂ ಹೇಳ್ಬಿಡ್ತೀನಿ, ಯಾಕಂದ್ರೆ ಊರಲ್ಲಿ ಇದು ಗೊತ್ತಿಲ್ದೆ ಹೆದರ್ಕೊಂಡು ಕೂರೋರೇ ಜಾಸ್ತಿ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಅಡಿಕೆ ತೋಟದ ಒಂದು ಎಕರೆಗೆ 9 ಎಕರೆ ತನಕ ಸೊಪ್ಪಿನ ಬೆಟ್ಟ, ಅಂದ್ರೆ ಗೊಬ್ಬರಕ್ಕೆ ಸೊಪ್ಪು ತರೋ ಕಾಡು, ಬಿಟ್ಕೊಟ್ಟಿದಾರೆ. 2006ರ ಅರಣ್ಯ ಹಕ್ಕು ಕಾಯಿದೇಲಿ ಕಿರು ಅರಣ್ಯ ಉತ್ಪನ್ನ ಅಂದ್ರೇನು ಅಂತ ಪಟ್ಟಿ ಕೊಡುವಾಗ ಜೇನು ಮೇಣದ ಜೊತೆ ಕುರುಚಲು ಕಟ್ಟಿಗೆ, ಮರದ ಬುಡ ಎರಡನ್ನೂ ಹೆಸರು ಹಿಡಿದು ಸೇರ್ಸಿದಾರೆ. 2008ರ ನಿಯಮದಲ್ಲಿ ತಲೆಹೊರೆ, ಸೈಕಲ್, ಕೈಗಾಡಿ ಅಂತ ಬರೆದಿದ್ರು, 2012ರಲ್ಲಿ ಅದನ್ನ ತಿದ್ದಿ ಸೂಕ್ತವಾದ ಯಾವ ಸಾಗಣೆ ಆದ್ರೂ ಸರಿ ಅಂತ ಮಾಡಿದ್ರು. ಆದ್ರೆ ಬುಡಕಟ್ಟಿನೋರಲ್ಲದ ಜನ ಮೂರು ತಲೆಮಾರು ಅಂದ್ರೆ 75 ವರ್ಷದ ವಾಸ ತೋರ್ಸಬೇಕು, ಅಲ್ಲೇ ನಮ್ಮ ಮಲೆನಾಡಿನ ಅರ್ಜಿಗಳೆಲ್ಲ ಸಿಕ್ಕಾಕ್ಕೊಳ್ಳೋದು. ಓದು ಬರಹ ಗೊತ್ತಿಲ್ದ ಅಜ್ಜ ಅಜ್ಜಿ 75 ವರ್ಷದ ಕಾಗದ ಎಲ್ಲಿಂದ ತರ್ಬೇಕು? ಅವ್ರ ಹತ್ರ ಇರೋ ದಾಖಲೆ ಅಂದ್ರೆ ಕಾಡಿನ ದಾರಿ ನೆನಪು.

ಇನ್ನು ಬೇಟೆ. ಇದ್ರಲ್ಲಿ ನೀವು ಹೇಳಿದ್ದಕ್ಕೆ ನಂದು ಅರ್ಧ ಒಪ್ಪಿಗೆ. 1972ರ ವನ್ಯಜೀವಿ ಕಾನೂನು ಬಂದಿದ್ದು ಸರಿ, ಅದೇ ಅರಣ್ಯ ಹಕ್ಕು ಕಾಯಿದೆ ಕೂಡ ಬೇರೆಲ್ಲ ರೂಢಿ ಹಕ್ಕು ಕೊಟ್ಟು ಬೇಟೆ ಹಕ್ಕು ಮಾತ್ರ ಬಿಟ್ಟಿದೆ. ಇವತ್ತು ಜೀಪಲ್ಲಿ ಲೈಟು ಹಾಕ್ಕೊಂಡು ಹೋಗಿ ಹೊಡಿಯೋರು, ಉರುಳು ಹಾಕೋರು, ಸಿಡಿಮದ್ದು ಇಟ್ಟು ಹಂದಿ ದವಡೆ ಹಾರಿಸೋರು, ಅವ್ರ ಪರ ನಾನು ಒಂದಕ್ಷರ ಬರೆಯಲ್ಲ. ಆದ್ರೆ ನಮ್ಮ ದೊಡ್ಡಪ್ಪನನ್ನ ಅವ್ರ ಸಾಲಲ್ಲಿ ನಿಲ್ಲಿಸ್ಬೇಡಿ.

ದೊಡ್ಡಪ್ಪನ ಕಾಲದ ಶಿಕಾರಿ ಅಂದ್ರೆ ಇಡೀ ಊರಿನ ಕೆಲಸ. ಗದ್ದೆ ತೆನೆ ಕಟ್ಟೋ ಹೊತ್ತಿಗೆ ಹಂದಿ ಹಿಂಡು ಬಿದ್ದು ಒಂದೇ ರಾತ್ರೀಲಿ ವರ್ಷದ ಅನ್ನ ಉತ್ತು ಹಾಕಿ ಹೋಗೋದು. ಬೆಳಿಗ್ಗೆ ನಾಲ್ಕು ಜನ ಕೋವಿ ಹಿಡ್ಕೊಂಡು ಬಿಲ್ಲಿಗೆ, ಅಂದ್ರೆ ಹಂದಿ ಬರೋ ದಾರಿ ಕಾಯೋಕೆ, ನಿಲ್ಲೋರು, ಉಳಿದೋರು ನಾಯಿ ಕಟ್ಕೊಂಡು ಹಂದಿ ಎಬ್ಬಿಸೋಕೆ ಹಳು ನುಗ್ಗೋರು. ಮರಿ ಹಿಂದಿಟ್ಕೊಂಡ ಹಂದಿಗೆ ಈಡು ಹೊಡಿಯೋ ಹಾಗಿಲ್ಲ. ನೀರು ಕುಡಿಯೋಕೆ ಬಂದಿದ್ದಕ್ಕೆ ಹೊಡಿಯೋ ಹಾಗಿಲ್ಲ. ಗಾಯ ಆಗಿ ಓಡಿದ್ರೆ ಕತ್ತಲಾದ್ರೂ ಹುಡುಕ್ಲೇಬೇಕು, ನರಳೋಕೆ ಬಿಟ್ಟು ಬಂದೋನಿಗೆ ಮುಂದಿನ ಸಲ ಕೋವಿ ಇಲ್ಲ. ಪಾಲು ಹಾಕುವಾಗ ಈಡು ಹೊಡೆದೋನಿಗೊಂದು, ಹಳು ನುಗ್ಗಿದೋರಿಗೊಂದೊಂದು, ನಾಯಿಗೊಂದು, ಆಮೇಲೆ ಗಂಡಸರಿಲ್ಲದ ಮನೆಗೂ ಒಂದು ಮುತ್ತುಗದ ಎಲೇಲಿ ಕಟ್ಟಿ ಹೋಗ್ಬೇಕು. ನಮ್ಮಪ್ಪ ತೀರ್ಕೊಂಡ ಮೇಲೆ ಎಂಟು ವರ್ಷ ಆ ಎಲೆಕಟ್ಟು ನಮ್ಮ ಜಗುಲಿ ಮೇಲೆ ಬಂದು ಕೂತಿದೆ. ಯಾರು ಇಟ್ಟು ಹೋದ್ರು ಅಂತ ಅಮ್ಮ ಯಾವತ್ತೂ ಕೇಳ್ಲಿಲ್ಲ, ಇಟ್ಟೋರೂ ಹೇಳ್ಲಿಲ್ಲ. ಇಂಥದ್ದನ್ನ ತಿಂದು ಬೆಳೆದ ನಾನು ಅದನ್ನ ಬರೀ ಪ್ರಾಣಿ ಕೊಲೆ ಅಂತ ಹೆಂಗೆ ಕರೀಲಿ?

ನಾಯಿಗೆ ಪಾಲು ಅನ್ನೋದು ಈ ನೆಲದ ಹಳೇ ನಡತೆ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಲ್ಲಿದೆ, ಒಂದು ಭಾನುವಾರ ಹೋಗಿ ನೋಡಿ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನೋ ವೀರನಿಗೆ ರಾಜ ಏನು ಬೇಕು ಕೇಳು ಅಂದ್ರೆ ಅವ್ನು ಕೇಳಿದ್ದು ಕಾಳಿ ಅನ್ನೋ ನಾಯೀನ. ಬೆಳತೂರಿನ ಪಡುವಣ ಮೊರಡಿ, ಅಂದ್ರೆ ಕಲ್ಲುಗುಡ್ಡದ ಮೇಲೆ ಅದನ್ನ ಒಂದು ದೊಡ್ಡ ಹಂದಿಗೆ ಬಿಟ್ರು, ಹಂದಿ ನಾಯಿ ಎರಡೂ ಒಟ್ಟಿಗೇ ಸತ್ವು. ಆ ನಾಯಿಗೆ ಕಲ್ಲು ನಿಲ್ಸಿ, ಪೂಜೆಗೆ ಭೂಮಿ ಬಿಟ್ರು. ಕ್ರಿ.ಶ. 950ರ ಹೊತ್ತಿನ ಮಾತು. ಕೊಡಗಲ್ಲಿ ಇವತ್ತಿಗೂ ನಾಟಿ ಮುಗಿದ ಮೇಲೆ ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್ ಮಾಡ್ತಾರೆ, ಗದ್ದೆ ಕೆಲಸದ ಕಾಲದಲ್ಲಿ ದೇವರ ಕೋಣೆ ಸೇರಿದ್ದ ಕೋವಿ ಆ ದಿನ ಹೂವು ಮುಡಿದು ಹೊರಗೆ ಬರೋದು. ಹಿಂದಿನೋರಿಗೆ ಯಾವಾಗ ಹೊಡೀಬಾರ್ದು ಅನ್ನೋದು ಗೊತ್ತಿತ್ತು, ಅಷ್ಟೇ ನಾನು ಹೋದ ಸಂಚಿಕೇಲಿ ಹೇಳಿದ್ದು.

ನಮ್ಮ ಹಿಂದಿನೋರ ಕಾಲದಲ್ಲೇ ರಾಜರು, ಬ್ರಿಟಿಷ್ ಸಾಹೇಬರು ಬಂಡೀಪುರದ ಕಾಡಲ್ಲಿ ಹುಲಿ ಹೊಡೆದು ಕಾಲ ಹತ್ರ ಮಲಗಿಸ್ಕೊಂಡು ಫೋಟೋ ತೆಗಿಸ್ಕೊಂಡ್ರು, ಮೈಸೂರಿನ ವ್ಯಾನ್ ಇಂಗೆನ್ ಕಂಪನೀಲಿ ತಲೆಮಾರುಗಟ್ಟಲೆ ಸತ್ತ ಹುಲಿ ಚಿರತೆ ಚರ್ಮ ತುಂಬ್ಸಿ ಗೋಡೆಗೆ ಹಾಕೋ ಹಾಗೆ ಮಾಡಿ ಕೊಡ್ತಿದ್ರು. ಆ ತಲೆಗಳು ಇವತ್ತೂ ಗೋಡೆ ಮೇಲಿವೆ, ಜನ ಟಿಕೆಟ್ ತಗೊಂಡು ನೋಡ್ತಾರೆ. ಅದಕ್ಕೆ ರಾಜಬೇಟೆ ಅನ್ನೋ ಹೆಸರು, ಗದ್ದೆ ಉಳಿಸ್ಕೊಳ್ಳೋಕೆ ಹಂದಿ ಹೊಡೆದೋನಿಗೆ ಕಳ್ಳಬೇಟೆ ಕೇಸು. ಈ ಅನ್ಯಾಯ ನಂಗೆ ನಲವತ್ತು ವರ್ಷದಿಂದ ಗಂಟಲಲ್ಲಿ ಸಿಕ್ಕಿದೆ ತಂಗಿ.

ಬಿಳಿಗಿರಿ ಬೆಟ್ಟದ ಸೋಲಿಗ ಬುಡಕಟ್ಟಿನೋರಿಗೂ ಹಾಗೇ ಮಾಡಿದ್ರು. 1974ರಲ್ಲಿ ಅಭಯಾರಣ್ಯ ಆಯ್ತು, ಬೇಟೆ ನಿಂತ್ತು, ಬೇಸಾಯ ನಿಂತ್ತು, ಬೇಸಿಗೆ ಶುರುವಲ್ಲಿ ಅವ್ರು ಹಾಕ್ತಿದ್ದ ತರಗು ಬೆಂಕೀನೂ ನಿಂತ್ತು. ಸಣ್ಣಗೆ ನೆಲದ ಮೇಲಿನ ತರಗು ಮಾತ್ರ ಸುಟ್ಟು ಹೋಗೋ ಬೆಂಕಿ ಅದು. ಅದು ನಿಂತ ಮೇಲೇ ಲಂಟಾನ ಅನ್ನೋ ಕಳೆ ಪೊದೆ ಕಾಡು ಪೂರ್ತಿ ತುಂಬ್ಕೊಳ್ತು ಅಂತ ಸೋಲಿಗರ ಹಿರಿಯರು ಹೇಳ್ತಾನೇ ಬಂದ್ರು. ಬಹಳ ವರ್ಷ ಯಾರೂ ಕಿವಿ ಕೊಡ್ಲಿಲ್ಲ, ಈಗ ವಿಜ್ಞಾನಿಗಳು ಅವ್ರ ಜೊತೆ ಕೂತು ಅದನ್ನೇ ಬರೀತಿದಾರೆ. 2011ರಲ್ಲಿ ಅವ್ರಿಗೆ ಸಮುದಾಯ ಹಕ್ಕುಪತ್ರ ಸಿಕ್ತು, ಹುಲಿ ಸಂರಕ್ಷಿತ ಪ್ರದೇಶದ ಒಳಗೇ. ಕಾಡು ಏನೂ ಮುಳುಗಿ ಹೋಗ್ಲಿಲ್ಲ.

ಅಜ್ಜಿಗೆ ಏನ್ ಹೇಳ್ಲಿ ಅಂತ ಕೇಳಿದೀರಿ. ಹೇಳೋದೇನೂ ಬೇಡ, ಮುಂದಿನ ಸಲ ಊರಿಗೆ ಹೋದಾಗ ಒಂದು ದಿನ ಅವ್ರ ಜೊತೆ ನೀವೂ ಸೌದೆಗೆ ಹೋಗಿ, ಒಂದು ಸಣ್ಣ ಹೊರೆ ನೀವೇ ಹೊತ್ಕೊಂಡು ಬನ್ನಿ. ಊರಿನ ಅರಣ್ಯ ಹಕ್ಕು ಸಮಿತೀಲಿ ಯಾರಿದಾರೆ ಅಂತ ಪಂಚಾಯ್ತೀಲಿ ಕೇಳಿ, ಓದಿದೋರು ನೀವು, ಅಜ್ಜಿ ಪರವಾಗಿ ಅರ್ಜಿ ಬರ್ಕೊಡಿ, ಕಿತ್ಕೊಂಡ ಕತ್ತಿ ವಾಪಸ್ ಕೇಳಿ. ಆಮೇಲೆ ರಾತ್ರಿ ಬಚ್ಚಲ ಒಲೆ ಮುಂದೆ ಕೂತು, ನೀವು ಹುಟ್ಟಿದಾಗ ನಿಮ್ಮಮ್ಮನ ಬಾಣಂತನದ ನೀರಿಗೆ ಅಜ್ಜಿ ಎಷ್ಟು ಹೊರೆ ಸೌದೆ ಕೂಡಿಟ್ಟಿದ್ರು, ಯಾವ ಯಾವ ಮರದ್ದು ಅಂತ ಕೇಳಿ ಬರ್ಕೊಳ್ಳಿ. ನಂಗೆ ಕಳಿಸಿ, ಅಜ್ಜಿ ಒಪ್ಪಿದ್ರೆ ಮುಂದಿನ ಸಂಚಿಕೇಲಿ ಹಾಕ್ತೀನಿ.

— ಸಂಪಾದಕ