ಪ್ರತಿಕ್ರಿಯೆ: ಹೃದಯದ ಒಂದೇ ಭಾಗದಲ್ಲಿ ದೋಷವೇಕೆ?

ಹಾವೇರಿಯ ಸಹೋದರರಿಗೆ ನಮಸ್ಕಾರ. ತಮ್ಮ ತಂಗಿಯ ಮಗುವಿಗೆ ‘ಟೆಟ್ರಾಲಜಿ ಆಫ್ ಫ್ಯಾಲೋ’ (ಹುಟ್ಟಿನಿಂದಲೇ ಹೃದಯದಲ್ಲಿ ನಾಲ್ಕು ದೋಷಗಳು ಕೂಡಿರುವ ಸ್ಥಿತಿ) ಇದೆಯೆಂದು ಹುಬ್ಬಳ್ಳಿಯ ವೈದ್ಯರು ತಿಳಿಸಿದ ಮೇಲೆ, ಇಡೀ ಹೃದಯ ಒಂದೇ ಬಗೆಯ ಕಾಂಡಕೋಶದಿಂದ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶದಿಂದ) ಬೆಳೆಯುವುದಾದರೆ ಒಂದೇ ಭಾಗ ಕೆಡುವುದು ಹೇಗೆಂದು ಕೇಳಿದ್ದೀರಿ.

ಹೃದಯವು ಒಂದೇ ಗುಂಪಿನ ಕೋಶಗಳಿಂದ ಆಗುವುದಿಲ್ಲ. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣದ ನಡುಪದರದಿಂದ ಹೊರಟ ಪೂರ್ವಗಾಮಿ ಕೋಶಗಳ ಮೊದಲ ಗುಂಪು ಕೊಳವೆಯಾಗಿ ಕೂಡಿಕೊಂಡು ಸುಮಾರು 22ನೆಯ ದಿನಕ್ಕೆ ಮಿಡಿಯತೊಡಗುತ್ತದೆ. ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಗಡೆಯ ಕೆಳಕೋಣೆ, ಮುಖ್ಯವಾಗಿ ಇದರಿಂದಲೇ ಆಗುತ್ತದೆ. ಎರಡನೆಯ ಗುಂಪಿನ ಕೋಶಗಳು ಸ್ನಾಯುವಾಗಲು ಅವಸರಪಡದೆ, ಇನ್ನಷ್ಟು ಕಾಲ ವಿಭಜನೆಗೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತ, ಆಗಲೇ ಮಿಡಿಯುತ್ತಿರುವ ಆ ಕೊಳವೆಯ ಎರಡೂ ತುದಿಗಳಿಗೆ ಬಂದು ಸೇರಿ, ಬಲ ಹೃತ್ಕುಕ್ಷಿಯನ್ನೂ ರಕ್ತ ಹೊರಹೋಗುವ ದಾರಿಯನ್ನೂ ಹೃತ್ಕರ್ಣಗಳೆಂಬ ಮೇಲುಕೋಣೆಗಳ ಬಹುಭಾಗವನ್ನೂ ಕಟ್ಟುತ್ತವೆ. ಮಿಡಿತ ನಿಲ್ಲಿಸದೆಯೇ ಈ ಕಟ್ಟಡ ಏಳುತ್ತದೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಬಳಿಕ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆಯ ಅಂಚಿನಿಂದ ವಲಸೆ ಬರುವ ನರಶಿಖೆ ಕೋಶಗಳು ಆ ಹೊರದಾರಿಯನ್ನು ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯಾಗಿ ವಿಂಗಡಿಸಲು ನೆರವಾಗುತ್ತವೆ.

ಹೀಗೆ ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಭಾಗಗಳನ್ನು ಕಟ್ಟುವುದರಿಂದಲೇ ಒಂದು ಭಾಗ ಮಾತ್ರ ಕೆಡಬಹುದು. ಈ ವಿಂಗಡಣೆಯ ಗೋಡೆ ಮುಂದಕ್ಕೆ ಸರಿದರೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗುತ್ತದೆ, ಕುಕ್ಷಿಗಳ ನಡುವೆ ರಂಧ್ರ ಉಳಿಯುತ್ತದೆ, ಮಹಾಪಧಮನಿ ಆ ರಂಧ್ರದ ಮೇಲೆ ಬಂದು ಕೂರುತ್ತದೆ. ಒತ್ತಡಕ್ಕೆ ಬಲ ಕುಕ್ಷಿ ದಪ್ಪಗಾಗುತ್ತದೆ. ತಮ್ಮ ತಂಗಿಯ ಮಗುವಿನ ಹೃದಯದ ನಾಲ್ಕೂ ದೋಷಗಳು ಹೀಗೆ ಒಂದೇ ಪಲ್ಲಟದಿಂದ ಹುಟ್ಟುತ್ತವೆ.

ಇದೆಲ್ಲ ಎಂಟನೆಯ ವಾರದೊಳಗೇ ಬಹುಮಟ್ಟಿಗೆ ಮುಗಿದಿರುತ್ತದೆ. ಆದ್ದರಿಂದ ಕೊನೆಯ ತಿಂಗಳುಗಳ ದುಡಿಮೆಯನ್ನು ನೆನೆದು ತಂಗಿಯವರನ್ನು ಯಾರೂ ದೂರಬಾರದು. ಕೆಲವು ಮಕ್ಕಳಲ್ಲಿ 22ನೆಯ ವರ್ಣತಂತುವಿನ ಸಣ್ಣ ತುಣುಕೊಂದು ಇಲ್ಲದಿರುವುದು ಕಾರಣವಾಗಿರುತ್ತದೆ. ಆ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ.