ಗೋಸುಂಬೆಗೂ ಕತ್ತಲೆ ಬೇಕು

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ಮಗ ಹಟ ಹಿಡಿದನೆಂದು ಜೂನ್‌ನಲ್ಲಿ ಒಂದು ವೇಲ್ಡ್ ಕೆಮೀಲಿಯನ್, ಅಂದರೆ ಯೆಮನ್ ಕಡೆಯ ಗೋಸುಂಬೆ, ತಂದೆವು. ಗಂಡು, ಈಗ ಒಂದು ವರ್ಷ. ಚಳಿ ಶುರುವಾದ ಮೇಲೆ ರಾತ್ರಿ ಹಾಲ್‌ನಲ್ಲಿ 18 ಡಿಗ್ರಿ ತೋರಿಸುತ್ತದೆ. ರಾತ್ರಿಯಿಡೀ ಉರಿಸಲು ಅಂಗಡಿಯವರು ಕೆಂಪು ಬಲ್ಬ್ ಕೊಟ್ಟಿದ್ದಾರೆ. ಕೆಂಪು ಬೆಳಕು ಅದಕ್ಕೆ ಕಾಣುವುದಿಲ್ಲವಂತೆ. ಆದರೆ ನಡುರಾತ್ರಿಯಲ್ಲೂ ಕಣ್ಣು ಬಿಟ್ಟುಕೊಂಡಿರುತ್ತದೆ, ಬೆಳಿಗ್ಗೆ ಹತ್ತಾದರೂ ತೂಕಡಿಸುತ್ತದೆ. ಬಲ್ಬ್ ಆರಿಸಿದರೆ ಚಳಿಗೆ ಸತ್ತೀತೆಂದು ಭಯ.
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಮೊದಲು ಆ ಕೆಂಪು ಬಲ್ಬ್ ಆರಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ಮೈಬಣ್ಣ ಬದಲಿಸಿ ಸಿಟ್ಟು, ಒಲವು ಎಲ್ಲವನ್ನೂ ತನ್ನ ಜಾತಿಯವಕ್ಕೆ ತಿಳಿಸುವ ಪ್ರಾಣಿ ಅದು. ಅದಕ್ಕೆ ಬಣ್ಣ ಕಾಣುವುದಿಲ್ಲ ಎಂದರೆ ನಂಬುವುದು ಹೇಗೆ? ಕೆಂಪೂ ಕಾಣುತ್ತದೆ, ನೀಲಿಯೂ ಕಾಣುತ್ತದೆ. ನಮಗೆ ಕಾಣದ ಅತಿನೇರಳೆ ಕೂಡ ಕಾಣುತ್ತದೆ. ನಿಮ್ಮ ಹಾಲ್‌ನಲ್ಲಿ ಅದಕ್ಕೆ ಸೂರ್ಯ ಮುಳುಗುವುದೇ ಇಲ್ಲ, ಇನ್ನು ನಿದ್ದೆ ಎಲ್ಲಿಂದ ಬರಬೇಕು? ದೇವರ ಮನೆಯ ಜೀರೋ ಬಲ್ಬ್, ಸೆಟ್‌ಟಾಪ್ ಬಾಕ್ಸ್‌ನ ಚುಕ್ಕೆ, ಕಿಟಕಿಯಿಂದ ನುಗ್ಗುವ ಬೀದಿದೀಪ ಇವೂ ಅದರ ಮೇಲೆ ಬೀಳದಿರಲಿ. ಪಂಜರದ ಬೆಳಕಿನ ಕಡೆಗೆ ಹಳೆಯ ಹತ್ತಿ ಸೀರೆಯೊಂದನ್ನು ಇಳಿಬಿಟ್ಟರೆ ಸಾಕು. ಗಾಳಿಯಾಡಲು ಉಳಿದ ಬದಿ ತೆರೆದಿರಲಿ.

ಇನ್ನು ಚಳಿಯ ಮಾತು. ಯೆಮನ್ ಎಂದೊಡನೆ ನಮಗೆ ಮರಳುಗಾಡು ಕಣ್ಣಮುಂದೆ ಬರುತ್ತದೆ. ಆದರೆ ಈ ಜಾತಿ ಯೆಮನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಬೆಟ್ಟ ಕಣಿವೆಗಳದ್ದು. ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ಆ ನಾಡಿನಿಂದ ಎಂದೇ ಪ್ರತೀತಿ. ಕಾಫಿ ಬೆಳೆಯುವ ಬೆಟ್ಟದಲ್ಲಿ ರಾತ್ರಿ ಹೇಗಿರುತ್ತದೆಂದು ನಿಮ್ಮ ನೆಂಟರಲ್ಲಿ ಚಿಕ್ಕಮಗಳೂರಿನವರಿದ್ದರೆ ಕೇಳಿ. ಆರೋಗ್ಯವಾಗಿರುವ ದೊಡ್ಡ ವೇಲ್ಡ್‌ಗೆ ರಾತ್ರಿ 15ರಿಂದ 20 ಡಿಗ್ರಿ ಹಿತವೇ. ನಿಮ್ಮ 18 ಡಿಗ್ರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಮರಿಗಳಿಗೆ ಮಾತ್ರ 15ರ ತಂಪು ಬೇಡ, 18ಕ್ಕಿಂತ ಕೆಳಗಿಳಿಯದಿರಲಿ.

ರಾತ್ರಿ ತಂಪಾದರೆ ಅದರ ದೇಹದ ಕೆಲಸ ನಿಧಾನವಾಗುತ್ತದೆ, ಅದೇ ವಿಶ್ರಾಂತಿ. ಹಗಲು ರಾತ್ರಿ ಬಿಸಿಯಲ್ಲೇ ಇಟ್ಟು ಹೊಟ್ಟೆ ತುಂಬ ತಿನ್ನಿಸಿದ ಹೆಣ್ಣುಗಳು ಗಂಡಿನ ಸಂಗವಿಲ್ಲದೆಯೂ ರಾಶಿ ರಾಶಿ ಮೊಟ್ಟೆಯಿಟ್ಟು ಸೊರಗುವುದುಂಟು.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಡಿಸೆಂಬರ್‌ನಲ್ಲಿ ಹೊರಗೆ 15, 16 ಇರುವಾಗ ಕಾಂಕ್ರೀಟ್ ಮನೆಯೊಳಗೆ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಒಂದು ಮಾತು: ಥರ್ಮಾಮೀಟರನ್ನು ಗೋಡೆಗೆ ನೇತುಹಾಕಬೇಡಿ, ಗೋಸುಂಬೆ ಮಲಗುವ ಕೊಂಬೆಗೇ ದಾರದಲ್ಲಿ ಕಟ್ಟಿ. ಕನಿಷ್ಠ, ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವಂಥದ್ದು ತಂದರೆ ನೀವು ನಾಲ್ಕು ಗಂಟೆಗೆ ಎದ್ದು ನೋಡಬೇಕಿಲ್ಲ. ನಾನು ಎದ್ದು ನೋಡಿದವಳೇ, ಅದಕ್ಕೇ ಹೇಳುತ್ತಿದ್ದೇನೆ. ಮೊದಲ ಚಳಿಗಾಲದಲ್ಲಿ ಹೆದರಿ ಬೆಳಕಿಲ್ಲದ ಸಿರಾಮಿಕ್ ಹೀಟರನ್ನು ಥರ್ಮೋಸ್ಟಾಟ್ ಇಲ್ಲದೆ ಹಾಕಿದ್ದೆ. ಬೆಳಗಿನ ಜಾವ ನೋಡಿದರೆ ಒಳಗೆ 29 ಡಿಗ್ರಿ! ಪಾಪದ ಪ್ರಾಣಿ ಬಾಯಿ ತೆರೆದುಕೊಂಡು ಕೆಳಗಿನ ಕೊಂಬೆಗೆ ಇಳಿದಿತ್ತು.

ಬಿಸಿಯೆಲ್ಲ ಹಗಲಿಗಿರಲಿ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಅತಿನೇರಳೆ ಕಿರಣ ಸೂಸುವ ಯುವಿಬಿ ಟ್ಯೂಬ್ ಉರಿಯಲಿ, ಟೈಮರ್ ಹಾಕಿಬಿಡಿ. ಬೆಳಿಗ್ಗೆ ಮೈ ಕಾಯಿಸಲು ಒಂದು ಸಾಮಾನ್ಯ ಬಲ್ಬ್ ಇರಲಿ. ಅದರ ಕೆಳಗಿನ ಕೊಂಬೆಯಲ್ಲಿ 29, 30 ಡಿಗ್ರಿ ಇದ್ದರೆ ಸಾಕು. ಬಲ್ಬ್ ನೆತ್ತಿಗೆ ತೀರ ಹತ್ತಿರವಾದರೆ ತಲೆಯ ಮೇಲಿನ ಆ ಕಿರೀಟ ಸುಡುತ್ತದೆ. ಗಾಜಿನ ಕಿಟಕಿಯ ಬಿಸಿಲನ್ನು ನೆಚ್ಚಬೇಡಿ, ಯುವಿಬಿ ಗಾಜನ್ನು ದಾಟುವುದಿಲ್ಲ. ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ದ್ರವ ಆ ಕೋಣೆಯಲ್ಲಿ ಬೇಡವೇ ಬೇಡ.

ದೀಪ ಆರಿ ಒಂದು ಗಂಟೆಯಾದ ಮೇಲೆ, ಒಮ್ಮೆ ಮಾತ್ರ, ದೂರದಿಂದ ಟಾರ್ಚ್ ಬಿಟ್ಟು ನೋಡಿ. ಬಾಳೆಯ ಸುಳಿಯಂತೆ ತಿಳಿಯಾದ ಬಣ್ಣ, ಚಕ್ಕುಲಿಯಂತೆ ಸುತ್ತಿದ ಬಾಲ, ಮುಚ್ಚಿದ ಕಣ್ಣು ಕಂಡರೆ ಎಲ್ಲ ಸರಿಯಿದೆ. ಮಗನಿಗೆ ಫೋಟೊ ತೆಗೆಯಲು ಬಿಡಬೇಡಿ. ಕತ್ತಲೆ ಮಾಡಿಯೂ ಮೂರು ನಾಲ್ಕು ದಿನ ಹಗಲಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರೆ ಸರೀಸೃಪ ಬಲ್ಲ ವೈದ್ಯರ ಬಳಿ ಒಯ್ಯಿರಿ. ಮೂಗಿನಲ್ಲಿ ಸಿಂಬಳದ ಗುಳ್ಳೆ ಬಂದರೆ ಅಂದೇ ಒಯ್ಯಿರಿ.

ಅಂದ ಹಾಗೆ, ಕಾಗದಪತ್ರ ಇದೆಯೇ? ವಿದೇಶಿ ಮೂಲದ ಇಂಥ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮ ಬಂದಿದೆ. ರಸೀದಿ ಹುಡುಕಿ ಇಡಿ.

ಪ್ರಶ್ನೆ: ನಮ್ಮ ತೋಟದ ಹುಣಸೆ ಮರದಲ್ಲಿ ಹಸಿರು ಗೋಸುಂಬೆ ಸಿಕ್ಕಿದೆ. ಕಣ್ಣು ಒಂದೊಂದು ಕಡೆ ತಿರುಗುತ್ತದೆ, ಕಾಲು ಇಕ್ಕಳದಂತೆ ಹಿಡಿಯುತ್ತದೆ. ರಾತ್ರಿ ಯಾವ ಬಲ್ಬ್ ಹಾಕಬೇಕು?
— ಓದುಗರೊಬ್ಬರು, ಕನಕಪುರ ರಸ್ತೆ

ಉತ್ತರ: ಯಾವುದೂ ಬೇಡ. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತವನ್ನು ಗೋಸುಂಬೆ ಎನ್ನುವವರೇ ಹೆಚ್ಚು. ನಿಮ್ಮದು ನಿಜವಾದ ಗೋಸುಂಬೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವುದು ಅಪರಾಧ. ಇವತ್ತು ಬೆಳಕಿರುವಾಗಲೇ ಅದೇ ಹುಣಸೆಯ ಕೊಂಬೆಗೆ ಹತ್ತಿಸಿಬಿಡಿ.